ಯೇಸುವನ್ನು ‘ಕರ್ತ’ನೆಂದು ಮೊದಲು ಕರೆದ ಸಮುದಾಯ ಯಾವುದು? ಬೂಸೆಟ್ ವಾದದ ಮರುಪರಿಶೀಲನೆ

ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ, ಕ್ರಿ.ಶ. 30ರ ಸುಮಾರಿಗೆ, ಯೆರೂಸಲೇಮಿನಲ್ಲಿ ಶಿಲುಬೆಗೇರಿಸಲ್ಪಟ್ಟ ನಜರೇತಿನ ಯೇಸುವನ್ನು ಅವನ ಅನುಯಾಯಿಗಳು ಎರಡೇ ದಶಕಗಳಲ್ಲಿ ‘ಕರ್ತ’ನೆಂದು ಕರೆದು ಪ್ರಾರ್ಥಿಸತೊಡಗಿದ್ದರು. ಇದಕ್ಕೆ ಸಿಗುವ ಮೊದಲ ಲಿಖಿತ ಆಧಾರ ಪೌಲನ ಪತ್ರಗಳು. ಅವುಗಳಲ್ಲಿ ಅತ್ಯಂತ ಹಳೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ, ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆ ಸುಮಾರು 50ರದು. ಕೊರಿಂಥದವರಿಗೆ ಬರೆದ ಮೊದಲನೆಯದು ಅದಾದ ಮೂರು ನಾಲ್ಕು ವರ್ಷಗಳಿಗೆ ಬಂದದ್ದು. ನಾಲ್ಕು ಸುವಾರ್ತೆಗಳು ಈ ಪತ್ರಗಳಿಗಿಂತ ಈಚಿನವು. ಇಷ್ಟರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಇರುವುದು ಈ ಪ್ರಾರ್ಥನೆ ಹುಟ್ಟಿದ ನೆಲದ ಬಗ್ಗೆ.

ಜರ್ಮನಿಯ ವಿಲ್ಹೆಲ್ಮ್ ಬೂಸೆಟ್ 1913ರಲ್ಲಿ ಪ್ರಕಟಿಸಿದ ‘ಕೂರಿಯೊಸ್ ಕ್ರಿಸ್ಟೊಸ್’ ಗ್ರಂಥ ಈ ಚರ್ಚೆಗೆ ಒಂದು ಚೌಕಟ್ಟು ಹಾಕಿತು. ಬೂಸೆಟ್ ಅವರ ಪ್ರಕಾರ ಯೆರೂಸಲೇಮಿನ ಅರಾಮಿಕ್ ಭಾಷಿಕ ಶಿಷ್ಯರು ಯೇಸುವನ್ನು ಮುಂದೆ ಬರಲಿರುವ ‘ಮನುಷ್ಯಕುಮಾರ’ನೆಂದು ಎದುರುನೋಡುತ್ತಿದ್ದರು, ಅಷ್ಟೆ, ಸಭೆ ಸೇರಿ ಅವನನ್ನು ಕರ್ತನೆಂದು ಆರಾಧಿಸುವ ರೂಢಿ ಅಂತಿಯೋಕ್ಯದಂತಹ ನಗರಗಳ ಗ್ರೀಕ್ ಭಾಷಿಕ ಸಮುದಾಯಗಳಲ್ಲಿ ಬೆಳೆಯಿತು. ಗ್ರೀಕ್ ಜಗತ್ತಿನಲ್ಲಿ ಸೆರಾಪಿಸ್, ಐಸಿಸ್ ಮುಂತಾದ ದೇವತೆಗಳಿಗೂ ಇದೇ ಬಿರುದು ಇತ್ತು. ‘ಕರ್ತನಾದ ಸೆರಾಪಿಸ್’ನ ಪಂಕ್ತಿಯ ಊಟಕ್ಕೆ ಕರೆಯುವ ಆಮಂತ್ರಣಗಳು ಈಜಿಪ್ಟಿನ ಪಪೈರಸ್‌ಗಳಲ್ಲಿ ಸಿಕ್ಕಿವೆ. ಹಲವು ದೇವರುಗಳೂ ಹಲವು ಕರ್ತರೂ ಇರುವ ಲೋಕದ ಪ್ರಸ್ತಾಪ ಪೌಲನ ಪತ್ರದಲ್ಲೇ ಬರುತ್ತದೆ. ಹೀಗಿರುವಾಗ ಬೂಸೆಟ್ ಅವರ ಊಹೆ ನಿರಾಧಾರವಾದದ್ದೇನೂ ಅಲ್ಲ. ಅವರ ವಾದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರಭಾವ ಬೀರಿದ್ದು ಸಹಜವೇ.

ಈ ವಾದಕ್ಕೆ ದೊಡ್ಡ ತೊಡಕು ಕೊರಿಂಥದ ಪತ್ರಿಕೆಯ ಕೊನೆಯಲ್ಲಿರುವ ‘ಮಾರನಾಥ’ (‘ನಮ್ಮ ಕರ್ತನೇ, ಬಾ’) ಎಂಬ ಅರಾಮಿಕ್ ಸೂತ್ರ. ಗ್ರೀಕ್ ಓದುಗರಿಗೆ ಗ್ರೀಕ್‌ನಲ್ಲಿ ಬರೆದ ಪತ್ರದಲ್ಲಿ ಪೌಲ ಅದನ್ನು ಅನುವಾದವಿಲ್ಲದೆ, ವಿವರಣೆಯಿಲ್ಲದೆ ಹಾಗೆಯೇ ಇಟ್ಟಿದ್ದಾನೆ. ಕೊರಿಂಥದವರಿಗೆ ಅದು ಮೊದಲೇ ಪರಿಚಿತವಾಗಿತ್ತು ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಸಮಾಧಾನ ಕಷ್ಟ. ಪೌಲ ಅಲ್ಲಿ ಮೊದಲು ಬೋಧಿಸಿದ ಕಾಲವನ್ನು, ಅಧಿಪತಿ ಗಲ್ಲಿಯೋನ ಹೆಸರಿರುವ ಡೆಲ್ಫಿಯ ಶಾಸನದ ನೆರವಿನಿಂದ, 50–51ರ ಆಸುಪಾಸಿನಲ್ಲಿ ನಿಲ್ಲಿಸಬಹುದು. ಆ ಹೊತ್ತಿಗಾಗಲೇ ಈ ಸೂತ್ರ ಪರಭಾಷೆಯ ಊರಿಗೂ ಮೂಲರೂಪದಲ್ಲೇ ಒಯ್ಯುವಷ್ಟು ಮಾನ್ಯವಾಗಿತ್ತು. ಗ್ರೀಕ್ ಸಭೆಗಳು ಹೀಗೆ ಉಳಿಸಿಕೊಂಡ ‘ಅಬ್ಬಾ’, ‘ಆಮೆನ್’ ಎಂಬ ಪ್ರಾರ್ಥನಾ ನುಡಿಗಳೂ ಯೆಹೂದಿ ನೆಲದವೇ.

ಬೂಸೆಟ್ ಈ ತೊಡಕನ್ನು ಕಡೆಗಣಿಸಲಿಲ್ಲ. ಅವರ ಒಂದು ಉತ್ತರ: ಈ ಸೂತ್ರ ಅಂತಿಯೋಕ್ಯ, ದಮಸ್ಕಗಳಂತಹ ದ್ವಿಭಾಷಾ ಪ್ರದೇಶದಲ್ಲಿ ಹುಟ್ಟಿರಬಹುದು. ಇದು ಸಾಧ್ಯವೇ. ಆದರೆ ಇದನ್ನು ಒಪ್ಪಿದೊಡನೆ, ಅರಾಮಿಕ್ ಸಮುದಾಯ ಬೇರೆ, ಗ್ರೀಕ್ ಸಮುದಾಯ ಬೇರೆ ಎಂಬ ಅವರದೇ ಗಡಿರೇಖೆ ಕುಸಿಯುತ್ತದೆ. ಅವರ ವಾದವೆಲ್ಲ ನಿಂತಿರುವುದು ಆ ರೇಖೆಯ ಮೇಲೆ. ಎರಡನೆಯ ಉತ್ತರ, ಈ ಕರೆ ಮೂಲದಲ್ಲಿ ಯೇಸುವಿಗಲ್ಲ, ದೇವರಿಗೆ ಸಂದದ್ದು ಎಂಬುದು. ರುಡಾಲ್ಫ್ ಬುಲ್ಟ್‌ಮನ್ ಕೂಡ ಈ ಸಾಧ್ಯತೆಯನ್ನು ಎತ್ತಿಹಿಡಿದರು. ‘ದಿದಾಖೆ’ ಎಂಬ ಪ್ರಾಚೀನ ಸಭಾ ಕೈಪಿಡಿಯ ಹತ್ತನೆಯ ಅಧ್ಯಾಯ ಇದಕ್ಕೆ ಸ್ವಲ್ಪ ಆಸರೆ ಕೊಡುತ್ತದೆ: ಅಲ್ಲಿ ಮಾರನಾಥ ಬರುವುದು ತಂದೆಯಾದ ದೇವರಿಗೆ ಸಲ್ಲಿಸಿದ ಊಟದ ಕೃತಜ್ಞತಾ ಪ್ರಾರ್ಥನೆಯ ಕೊನೆಯಲ್ಲಿ. ಆದರೆ ಪೌಲನ ಪತ್ರದಲ್ಲಿ ಅದರ ಮರುವಾಕ್ಯವೇ ಕರ್ತನಾದ ಯೇಸುವಿನ ಕೃಪೆಯನ್ನು ಕೋರುತ್ತದೆ. ‘ಪ್ರಕಟನೆ’ ಗ್ರಂಥದ ಕೊನೆಯಲ್ಲಿ ಅದೇ ಕರೆ ಗ್ರೀಕ್ ರೂಪ ತಾಳಿ, ಯೇಸುವಿನ ಹೆಸರನ್ನೇ ಹೇಳಿ ಬರಬೇಕೆಂದು ಬೇಡುತ್ತದೆ. ದೇವರಿಗೆ ಸಂದಿದ್ದ ಕರೆ ಯೇಸುವಿನತ್ತ ತಿರುಗಿತು ಎನ್ನಲು ಪಠ್ಯಗಳ ಆಧಾರ ಬೇಕು. ಕೇವಲ ಸಾಧ್ಯತೆ ಸಾಲದು.

ಬುಲ್ಟ್‌ಮನ್ ಎತ್ತಿದ್ದ ಇನ್ನೊಂದು ಆಕ್ಷೇಪ ಭಾಷೆಗೆ ಸಂಬಂಧಿಸಿದ್ದು. ‘ಕರ್ತ’ ಎಂಬುದನ್ನು ಯಾವ ವಿಶೇಷಣವೂ ಇಲ್ಲದೆ ದೇವರ ಬಿರುದಾಗಿ ಬಳಸುವುದು ಪ್ಯಾಲೆಸ್ಟೀನಿನ ಯೆಹೂದಿ ರೂಢಿಯಲ್ಲಿ ಇರಲಿಲ್ಲ ಎಂದು ಅವರು ತಿಳಿದಿದ್ದರು. ಮೃತ ಸಮುದ್ರದ ದಂಡೆಯ ಕುಮ್ರಾನ್ ಗುಹೆಗಳ ಸುರುಳಿಗಳು ಇದನ್ನು ಸುಳ್ಳಾಗಿಸಿದವು. 1956ರಲ್ಲಿ ಹನ್ನೊಂದನೆಯ ಗುಹೆಯಲ್ಲಿ ಸಿಕ್ಕು 1971ರಲ್ಲಿ ಪ್ರಕಟವಾದ, ಯೋಬನ ಗ್ರಂಥದ ಅರಾಮಿಕ್ ಅನುವಾದದಲ್ಲಿ ಈ ಪದ ದೇವರಿಗೆ ನೇರವಾಗಿ ಬಳಕೆಯಾಗಿದೆ. ಜೋಸೆಫ್ ಫಿಟ್ಜ್‌ಮಯರ್ 1970ರ ದಶಕದಲ್ಲಿ ಇದನ್ನು ವಿಶದವಾಗಿ ತೋರಿಸಿದರು. ಈ ಸಾಕ್ಷ್ಯದಿಂದ ಒಂದು ಅಡ್ಡಿ ನಿವಾರಣೆಯಾಗುತ್ತದೆಯೇ ಹೊರತು ಯೆರೂಸಲೇಮಿನವರು ಯೇಸುವನ್ನು ಆ ಅರ್ಥದಲ್ಲೇ ಕರೆದರೆಂದು ಸಿದ್ಧವಾಗುವುದಿಲ್ಲ. ‘ನಮ್ಮ ಒಡೆಯ’ ಎಂಬ ರೂಪ ಅರಸನಿಗೂ ಗುರುವಿಗೂ ಸಲ್ಲುತ್ತಿತ್ತು.

ಇಲ್ಲಿ ಒಂದು ನಿರ್ಣಯವನ್ನು ಮುಂದಿಡಬಹುದು: ಯೇಸುವನ್ನು ಕರ್ತನೆಂದು ಕೂಗಿ ಕರೆಯುವ ಆಚರಣೆ ಅರಾಮಿಕ್ ಭಾಷಿಕ ಯೆಹೂದಿ ಶಿಷ್ಯರದು, ಬಹುಮಟ್ಟಿಗೆ ಯೆರೂಸಲೇಮಿನದು, ಆ ಕರೆಗೆ ದೈವಶಾಸ್ತ್ರದ ಅರ್ಥ ಕೂಡಿಬಂದದ್ದು ತರುವಾಯ. ಕೊಲ್ಲಲ್ಪಟ್ಟವನನ್ನು, ಕಣ್ಣಿಗೆ ಕಾಣದವನನ್ನು, ಸಭೆಯೊಂದು ‘ಬಾ’ ಎಂದು ಬೇಡುವುದು ಗುರುವಿಗೆ ತೋರುವ ಮರ್ಯಾದೆಯನ್ನು ಮೀರಿದ್ದು. ಆದರೂ ಈ ಮಾತಿಗೆ ಮಿತಿಗಳುಂಟು. ಅಕ್ಷರಗಳನ್ನು ಬೇರೆ ರೀತಿ ಬಿಡಿಸಿದರೆ ಸೂತ್ರವು ಬೇಡಿಕೆಯಾಗದೆ ‘ನಮ್ಮ ಕರ್ತನು ಬಂದಿದ್ದಾನೆ’ ಎಂಬ ಹೇಳಿಕೆಯೂ ಆಗಬಲ್ಲದು. ಪ್ರಕಟನೆಯ ಸಮಾನ ಪಾಠದಿಂದಾಗಿ ಬೇಡಿಕೆಯೆಂಬ ಅರ್ಥಕ್ಕೆ ಹೆಚ್ಚು ಬಲವಿದೆ, ಅಷ್ಟೆ. ಸೂತ್ರದ ಪ್ರಾಚೀನತೆ ಖಚಿತವಾದಷ್ಟು ಅದರ ಊರು ಖಚಿತವಲ್ಲ. ಕರೆಯುವುದೆಂದರೆ ಇಸ್ರಾಯೇಲಿನ ದೇವರೊಡನೆ ಸಮನೆಂದು ಘೋಷಿಸುವುದಲ್ಲ. ಬೂಸೆಟ್ ಅವರನ್ನು ಸಮರ್ಥವಾಗಿ ಎದುರಿಸಿದ ಲ್ಯಾರಿ ಹುರ್ಟಾಡೊ, 1988ರ ಮತ್ತು 2003ರ ಗ್ರಂಥಗಳಲ್ಲಿ, ತೀರ ಆರಂಭದ ಸಮುದಾಯದಲ್ಲೇ ದೇವರ ಜೊತೆಗೆ ಯೇಸುವಿಗೂ ಆರಾಧನೆ ಸಲ್ಲುತ್ತಿತ್ತೆಂದು ವಾದಿಸಿದರು. ಆಚರಣೆಯ ಮಟ್ಟಿಗೆ ಅವರ ಮಾತು ಸರಿ. ಆ ಆಚರಣೆಯ ಹಿಂದೆ ಆಗಲೇ ಸ್ಪಷ್ಟ ಸಿದ್ಧಾಂತವಿತ್ತೆಂದು ಓದುವುದಕ್ಕೆ ಈ ಆಧಾರ ಸಾಲದು. ಆರಾಧನೆ ಎಂಬ ಪದವನ್ನೇ ಎಚ್ಚರದಿಂದ ಬಳಸಬೇಕೆಂದು ಜೇಮ್ಸ್ ಡನ್ 2010ರಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ಪ್ರಸ್ತುತ.

ಪೌಲನ ವಿರೋಧಿಗಳ ಮೌನವೂ ಈ ನಿರ್ಣಯಕ್ಕೆ ಒದಗುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಸುನ್ನತಿಯ ಬಗ್ಗೆ, ಅನ್ಯಜನರೊಡನೆ ಸಹಪಂಕ್ತಿಯ ಬಗ್ಗೆ ಕಟುವಾದ ಜಗಳವಿದೆ. ಪೌಲ ಪೇತ್ರನನ್ನು ಅಂತಿಯೋಕ್ಯದಲ್ಲಿ ಎದುರೆದುರೇ ಆಕ್ಷೇಪಿಸಿದ್ದನ್ನು ತಾನೇ ಹೇಳಿಕೊಳ್ಳುತ್ತಾನೆ. ಯೇಸುವಿಗೆ ಸಲ್ಲುತ್ತಿದ್ದ ಗೌರವ ಯೆರೂಸಲೇಮಿನವರಿಗೆ ಹೊಸದಾಗಿ, ಅನ್ಯವಾಗಿ ಕಂಡಿದ್ದರೆ ಈ ಜಗಳದಲ್ಲಿ ಅದು ಎಲ್ಲಾದರೂ ಸುಳಿಯಬೇಕಿತ್ತು. ಮೌನವನ್ನು ಸಾಕ್ಷ್ಯವಾಗಿಸುವುದರ ಅಪಾಯ ಇದ್ದೇ ಇದೆ: ನಮಗೆ ಸಿಗುವುದು ಒಂದು ಪಕ್ಷದ ಮಾತು ಮಾತ್ರ. ಆದರೆ ಆ ಪಕ್ಷ ಉಳಿದ ಜಗಳಗಳನ್ನು ಮುಚ್ಚಿಟ್ಟದ್ದಲ್ಲ.

ಸಿದ್ಧಾಂತ ರೂಪುಗೊಳ್ಳುತ್ತಿರುವುದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕಾಣುತ್ತದೆ. ಪ್ರತಿ ಮೊಣಕಾಲೂ ದೇವರೊಬ್ಬನಿಗೇ ಬಾಗುವುದೆಂಬ ಯೆಶಾಯನ ಪ್ರವಾದನೆ ಅಲ್ಲಿ ಯೇಸುವಿನ ನಾಮಕ್ಕೆ ಅನ್ವಯವಾಗಿದೆ, ಅದೂ ತಂದೆಯಾದ ದೇವರ ಮಹಿಮೆಗಾಗಿ. ಸಭೆಯಲ್ಲಿ ನಡೆದುಬಂದ ಕರೆಗೆ ಶಾಸ್ತ್ರದೊಳಗೆ ನೆಲೆ ಹುಡುಕುವ ಕೆಲಸವಿದು; ಗ್ರೀಕ್ ದೇವತೆಗಳಿಂದ ಎರವಲು ಪಡೆದದ್ದಲ್ಲ.

ಗಲಿಲಾಯದ ಶಿಷ್ಯರು ಯೇಸುವನ್ನು ಹೇಗೆ ಸಂಬೋಧಿಸುತ್ತಿದ್ದರು, ಯೆರೂಸಲೇಮಿನವರಿಗೂ ಅವರಿಗೂ ವ್ಯತ್ಯಾಸವಿತ್ತೆ ಎಂಬ ಪ್ರಶ್ನೆಗಳು ತೆರೆದೇ ಇವೆ. ಆ ಸಮುದಾಯಗಳೇ ಬರೆದದ್ದೆಂದು ನಿರ್ವಿವಾದವಾಗಿ ಹೇಳಬಹುದಾದ ಯಾವ ಬರಹವೂ ಉಳಿದಿಲ್ಲ.