ಕಾಟಕಾಯಿಯಿಂದ ನಿಷೇಧಾಜ್ಞೆಯವರೆಗೆ

1837ರ ಏಪ್ರಿಲ್ 5ರಂದು ಕಲ್ಯಾಣಪ್ಪನ ದಂಡು ಮಂಗಳೂರನ್ನು ಹಿಡಿಯಿತು. ಸುಳ್ಯದ ಕಡೆಯಿಂದ ಹೊರಟ ಆ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳನ್ನು ದಾಟಿ ಬಂದಿತ್ತು. ಕಂಪೆನಿ ಸರಕಾರದ ವಿರುದ್ಧ ನಡೆದ ರೈತ ಬಂಡಾಯವೆಂದು ಇತಿಹಾಸಕಾರರು ಅದನ್ನು ಗುರುತಿಸುತ್ತಾರೆ. ಅದು ಸರಿಯೂ ಹೌದು. ಆದರೆ ತುಳುನಾಡಿನ ಜನರ ಬಾಯಲ್ಲಿ ಅದಕ್ಕೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಸುಲಿಗೆ, ದಾಂಧಲೆ. ದಂಡಿನ ಉದ್ದೇಶ ಏನೇ ಇರಲಿ, ಅಂಗಡಿ ಬಾಗಿಲು ಹಾಕಿಕೊಂಡವರ ನೆನಪು ಬೇರೆಯೇ.

ಬಂಟ್ವಾಳಕ್ಕೆ ಈ ಭಯ ಹೊಸದಾಗಿರಲಿಲ್ಲ. ನೇತ್ರಾವತಿಯ ದಡದ ಈ ಊರು ಘಟ್ಟದ ಮೇಲಿನ ಸರಕು ಇಳಿದು ದೋಣಿ ಏರುತ್ತಿದ್ದ ಪೇಟೆ. ಟಿಪ್ಪು ಮತ್ತು ಇಂಗ್ಲಿಷರ ಯುದ್ಧಗಳಲ್ಲಿ ಅದು ನಲುಗಿತ್ತು. ಕೊಡಗಿನ ಅರಸ ಊರಿನ ಒಂದು ಭಾಗವನ್ನು ಹಾಳುಗೆಡವಿದ್ದಲ್ಲದೆ ಅರ್ಧದಷ್ಟು ಜನರನ್ನೇ ಹಿಡಿದೊಯ್ದಿದ್ದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಉಳಿದಿದ್ದದ್ದು ಸುಮಾರು 200 ಮನೆ. ಕಳೆದುಹೋದ ಸರಕನ್ನು ಮರುವರ್ಷ ತುಂಬಿಕೊಳ್ಳಬಹುದು. ಹೊರೆ ಹೊರುವವನೂ ದೋಣಿ ನಡೆಸುವವನೂ ಇಲ್ಲದೆ ಪೇಟೆ ಹೇಗೆ ನಡೆಯಬೇಕು?

ಪೇಟೆ ಈಗ ನದಿಯಿಂದ ಹೆದ್ದಾರಿಗೆ, ಅಂದರೆ ಬಿ.ಸಿ. ರೋಡಿಗೆ ಸರಿದಿದೆ. ಬೆಳ್ತಂಗಡಿಗೆ ಹೋಗುವ ರಸ್ತೆ ಕವಲೊಡೆಯುವುದು ಇಲ್ಲೇ. ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗುವ ದಾರಿಯೂ ದೂರವಿಲ್ಲ. ಹಾಗಾಗಿ ಇಲ್ಲಿ ಒಂದು ಚೂರಿ ಇರಿತವಾದರೆ ಆ ಊರುಗಳ ಬಸ್ಸುಗಳಿಗೂ ಅದರ ಬಿಸಿ ತಟ್ಟುತ್ತದೆ. 2017ರ ಮೇ ಕೊನೆಯಿಂದ ವಾರಗಟ್ಟಲೆ ಬಂಟ್ವಾಳದಲ್ಲಿ 144ನೇ ಸೆಕ್ಷನ್ ಇತ್ತು. ಆ ನಡುವೆಯೇ, ಜೂನ್ 21ರಂದು ಬೆಂಜನಪದವಿನಲ್ಲಿ ಒಂದು ಕೊಲೆಯಾಯಿತು. ಜುಲೈ 4ರಂದು ಬಿ.ಸಿ. ರೋಡಿನಲ್ಲಿ ತನ್ನ ಅಂಗಡಿ ಮುಚ್ಚಿ ಹೊರಡುತ್ತಿದ್ದ ಒಬ್ಬ ಯುವಕನ ಮೇಲೆ ಹಲ್ಲೆಯಾಗಿ, ಆತ ಮೂರು ದಿನಗಳಲ್ಲಿ ತೀರಿಕೊಂಡ.

ಐದು ಅಥವಾ ಹೆಚ್ಚು ಜನ ಸೇರಬಾರದೆನ್ನುವ ಇಂಥ ಆಜ್ಞೆ ಅಂಗಡಿ ತೆರೆಯಬೇಡಿ ಎನ್ನುವುದಿಲ್ಲ. ಗಿರಾಕಿಯೇ ಬರುವುದಿಲ್ಲ, ಅಷ್ಟೆ. ಜವಳಿ ಅಂಗಡಿಯವನು ಇಂದು ಮಾರದ ಬಟ್ಟೆಯನ್ನು ನಾಳೆ ಮಾರಿಯಾನು. ಮೀನು ಮಾರುವ ಹೆಂಗಸಿಗೆ, ರಿಕ್ಷಾದವನಿಗೆ, ಲಾರಿಯಿಂದ ಮೂಟೆ ಇಳಿಸುವವನಿಗೆ ಆ ನಾಳೆ ಇಲ್ಲ. ಈ ಮೂರೂ ಊರುಗಳ ಹಳ್ಳಿಮನೆಗಳಲ್ಲಿ ಬೀಡಿ ಕಟ್ಟುವವರ ಕಷ್ಟ ಇನ್ನೊಂದು ಬಗೆಯದು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸಿದರೆ ತಾನೆ ಮುಂದಿನ ಕೆಲಸಕ್ಕೆ ಎಲೆ, ಹೊಗೆಸೊಪ್ಪು ಸಿಗುವುದು? ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬ್ರಾಂಚಿನ ಬಾಗಿಲು ತೆರೆಯದಿದ್ದರೆ, ಪೇಟೆಯ ಮುಖ ನೋಡದೆ ಜಗಲಿಯಲ್ಲೇ ಕುಳಿತವರ ಕೈಯೂ ಖಾಲಿ. ಅಂಗಡಿಗಳ ನಷ್ಟದ ಅಂದಾಜು ಮಾಡುವವರು ಈ ಜಗಲಿಗಳನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

2024ರ ಜುಲೈಯಿಂದ 144ರ ಜಾಗಕ್ಕೆ ಹೊಸ ಸಂಹಿತೆಯ 163ನೇ ಸೆಕ್ಷನ್ ಬಂದಿದೆ. 2025ರ ಮೇ 27ರಂದು ಬಂಟ್ವಾಳ ತಾಲೂಕಿನಲ್ಲಿ ಮತ್ತೊಂದು ಕೊಲೆಯಾದಾಗ ಅದೂ ಜಾರಿಗೆ ಬಂತು. ಬೆಳ್ತಂಗಡಿ ತಾಲೂಕೂ ಅದರೊಳಗಿತ್ತು.