ಮುದಿ ನಾಯಿಯ ನವೆಗೆ ಮದ್ದು ಅಗ್ಗವಾದ ಬಗೆ

1941ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ನಾಯಿಯ ವೃತ್ತಾಂತ ಅಚ್ಚಾಯಿತು. ಬರೆದವರು ಪಶುವೈದ್ಯರಲ್ಲ, ಮನುಷ್ಯರ ಅಲರ್ಜಿಗೆ ಚಿಕಿತ್ಸೆ ಕೊಡುತ್ತಿದ್ದ ಮಿನಿಯಾಪೊಲಿಸ್‌ನ ಡಾಕ್ಟರು ಫ್ರೆಡ್ ವಿಟಿಕ್. ವರ್ಷದ ಒಂದೇ ಕಾಲದಲ್ಲಿ, ರ‍್ಯಾಗ್‌ವೀಡ್ ಎಂಬ ಕಳೆ ಹೂಬಿಟ್ಟು ಪರಾಗ ತೂರುವ ದಿನಗಳಲ್ಲಿ, ಆ ನಾಯಿಗೆ ಕಾಟ ಶುರುವಾಗುತ್ತಿತ್ತು. ತಮ್ಮ ಬಳಿ ಬರುವ ಮನುಷ್ಯರನ್ನು ಪರೀಕ್ಷಿಸುವ ಹಾಗೆಯೇ ವಿಟಿಕ್ ನಾಯಿಯನ್ನೂ ಪರೀಕ್ಷಿಸಿದರು. ಅದೇ ಪರಾಗದ ಸಾರವನ್ನು ಚುಚ್ಚುಮದ್ದಾಗಿ ಸ್ವಲ್ಪ ಸ್ವಲ್ಪವೇ ಕೊಟ್ಟು ಒಗ್ಗಿಸಿದರು. ನಾಯಿ ಸುಧಾರಿಸಿತು. ನಾಯಿಗೂ ಮನುಷ್ಯನ ಹಾಗೆ ಅಲರ್ಜಿ ತಾನಾಗಿಯೇ ಬರುತ್ತದೆ ಎಂಬುದಕ್ಕೆ ಅದು ಮೊದಲ ದಾಖಲೆ.

ಅದಕ್ಕೂ ಹಿಂದೆ ಬಹುಕಾಲ ಕೆರೆದುಕೊಳ್ಳುವ ನಾಯಿಗೆ ಸಾಮಾನ್ಯವಾಗಿ ಹೇಳುತ್ತಿದ್ದದ್ದು ಒಂದೇ ರೋಗ: ಕಜ್ಜಿ.

ನಾಯಿಯ ಚರ್ಮದ ಬಗ್ಗೆ ಮೊದಲು ತಲೆ ಕೆಡಿಸಿಕೊಂಡವರು ರಾಜರು. ಬೇಟೆಗೆ ನಾಯಿ ಬೇಕಿತ್ತು, ನಾಯಿಗೆ ಆರೋಗ್ಯ ಬೇಕಿತ್ತು. ಕನ್ನಡ ನಾಡಿನಲ್ಲಿ ಆ ಅಕ್ಕರೆಗೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಕೊಟ್ಟ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತ ಕಥೆಯಿದೆ. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಹೇಳುತ್ತ ಬೇಟೆನಾಯಿಗಳಿಗೂ ಜಾಗ ಕೊಟ್ಟ.

ಚರ್ಮರೋಗದ ವಿವರ ಹೆಚ್ಚಾಗಿ ಸಿಗುವುದು ಫ್ರಾನ್ಸಿನಲ್ಲಿ. ಫುವಾ ಸೀಮೆಯ ಪಾಳೆಯಗಾರ ಗಾಸ್ಟೋ ಫೀಬಸ್ 1387ರಲ್ಲಿ ಬೇಟೆಯ ಪುಸ್ತಕ ಬರೆಸಲು ತೊಡಗಿದ. ಅದರಲ್ಲಿ ನಾಯಿಗಳ ಕಾಯಿಲೆಗೇ ಒಂದು ಭಾಗ ಮೀಸಲು, ಕಜ್ಜಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಕಾರಣವಾಗಿ ಕೊಟ್ಟದ್ದು ಅಂದಿನ ಯುರೋಪ್ ನಂಬಿದ್ದ ದೇಹದ್ರವಗಳ ಏರುಪೇರನ್ನು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆ ಪುಸ್ತಕದ ಹದಿನೈದನೆಯ ಶತಮಾನದ ಪ್ರತಿಯಲ್ಲಿ ಆಳುಗಳು ನಾಯಿಯ ಬಾಯಿ ತೆರೆದು ನೋಡುವ, ಪಾದ ತೊಳೆಯುವ ಚಿತ್ರವಿದೆ. ಕಾರಣ ತಪ್ಪಾಗಿರಬಹುದು, ಆದರೆ ನಾಯಿಯನ್ನು ತಲೆಯಿಂದ ಬಾಲದವರೆಗೆ ಕೈಯಾಡಿಸಿ ನೋಡುವ ಆ ಶಿಸ್ತಿಗೆ ಇಂದಿಗೂ ಬೆಲೆಯಿದೆ, ಮತ್ತು ಅದಕ್ಕೆ ಕಾಸಿನ ಖರ್ಚಿಲ್ಲ.

ಮದ್ದೆಂದರೆ ಗಂಧಕ, ಟಾರು, ಎಣ್ಣೆ, ಕೆಲವೊಮ್ಮೆ ಪಾದರಸ. ನಮ್ಮ ಹಳ್ಳಿಗಳಲ್ಲಿ ಬೇವಿನೆಣ್ಣೆ, ಹೊಂಗೆಎಣ್ಣೆ, ಎಣ್ಣೆಯಲ್ಲಿ ಕಲಸಿದ ಗಂಧಕದ ಪುಡಿ. ಗಂಧಕ ನಿಜಕ್ಕೂ ಕೆಲಸ ಮಾಡುತ್ತಿತ್ತು, ಏಕೆಂದರೆ ಕಜ್ಜಿಯ ಹುಳವನ್ನು ಅದು ಕೊಲ್ಲುತ್ತದೆ. ಆ ಹುಳವನ್ನು ಇಟಲಿಯ ವೈದ್ಯ ಜೊವಾನ್ನಿ ಕೊಸಿಮೊ ಬೊನೊಮೊ ಸೂಕ್ಷ್ಮದರ್ಶಕದಲ್ಲಿ ನೋಡಿ 1687ರಲ್ಲೇ ಬರೆದಿದ್ದರು. ಆದರೆ ಯುರೋಪಿನ ವೈದ್ಯರು ಅದನ್ನು ಒಪ್ಪಿದ್ದು 1834ರಲ್ಲಿ, ಕಾರ್ಸಿಕಾದಿಂದ ಬಂದಿದ್ದ ರೆನುಚ್ಚಿ ಎಂಬ ವಿದ್ಯಾರ್ಥಿ ಪ್ಯಾರಿಸ್‌ನ ಆಸ್ಪತ್ರೆಯಲ್ಲಿ ರೋಗಿಯ ಚರ್ಮದಿಂದ ಹುಳವನ್ನು ಸೂಜಿಯ ತುದಿಯಲ್ಲಿ ಎತ್ತಿ ತೋರಿಸಿದ ಮೇಲೆ. ನಡುವೆ ಕಳೆದದ್ದು 147 ವರ್ಷ.

ಹುಳವಿಲ್ಲದ ನವೆಗೆ ಗಂಧಕವೂ ಹೆಚ್ಚು ಮಾಡುವಂತಿರಲಿಲ್ಲ. ಪಾದರಸದ ಮುಲಾಮನ್ನು ನಾಯಿ ನೆಕ್ಕಿದರೆ ವಿಷವೇರುತ್ತಿತ್ತು. ಮೋಟಾರು ಬಂದ ಮೇಲೆ ಗ್ಯಾರೇಜಿನ ಸುಟ್ಟ ಆಯಿಲನ್ನು ಮೈಗೆ ಸವರುವ ರೂಢಿ ಅಮೆರಿಕದಲ್ಲೂ ಇಲ್ಲೂ ಹುಟ್ಟಿಕೊಂಡಿತು. ಅಗ್ಗವೆಂಬ ಒಂದೇ ಕಾರಣಕ್ಕೆ ಉಳಿದಿರುವ ಈ ಮದ್ದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಇದನ್ನು ಇನ್ನಾದರೂ ಬಿಡಬೇಕು.

ಬಡವರ ನಾಯಿಗೆ ವೈದ್ಯರು ಸಿಕ್ಕಿದ್ದು ತೀರ ತಡವಾಗಿ. ಮುಂಬಯಿಯ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಹೆಸರಿನ ಪ್ರಾಣಿಗಳ ಆಸ್ಪತ್ರೆ ಬಾಗಿಲು ತೆರೆದದ್ದು 1884ರಲ್ಲಿ. ಲಂಡನ್ನಿನ ಬಡ ಕೇರಿ ವೈಟ್‌ಚಾಪೆಲ್‌ನಲ್ಲಿ ಮರಿಯಾ ಡಿಕಿನ್ 1917ರ ನವೆಂಬರಿನಲ್ಲಿ ಒಂದು ನೆಲಮಾಳಿಗೆಯಲ್ಲಿ ಉಚಿತ ಚಿಕಿತ್ಸಾಲಯ ಆರಂಭಿಸಿದರು. ಮಹಾಯುದ್ಧದ ನಡುವೆ, ತಮ್ಮ ಊಟಕ್ಕೇ ಪರದಾಡುತ್ತಿದ್ದವರು ನಾಯಿ, ಬೆಕ್ಕು, ಕತ್ತೆಗಳನ್ನು ಹಿಡಿದುಕೊಂಡು ಬಂದರು. ಕಾಸಿಲ್ಲದವರಿಗೆ ಪ್ರಾಣಿಯ ಮೇಲೆ ಪ್ರೀತಿಯೂ ಇರುವುದಿಲ್ಲ ಎಂಬ ಮಾತು ಅಲ್ಲಿ ಸುಳ್ಳಾಯಿತು. ಪಿಡಿಎಸ್‌ಎ ಎಂಬ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಚಿಗಟದ ಪಾತ್ರ ಸ್ಪಷ್ಟವಾಗತೊಡಗಿದ್ದು 1938ರಲ್ಲಿ. ಬೇಸಿಗೆಯಲ್ಲಿ ಬಾಲದ ಬುಡದ ಕೂದಲೆಲ್ಲ ಉದುರಿ ಕೆಂಪಾಗುವ ಕಾಯಿಲೆಗೆ ನಾಯಿಯ ಚಿಗಟವೇ ಕಾರಣ ಎಂದು ಕಿಸಿಲೆಫ್ ಎಂಬ ಅಮೆರಿಕನ್ ಪಶುವೈದ್ಯರು ಬರೆದರು. ಮುಂದೆ ತಿಳಿದದ್ದು ಇನ್ನೂ ಮುಖ್ಯವಾದ ಸಂಗತಿ: ನಾಯಿ ಕೆರೆಯುವುದು ಕಡಿತದ ನೋವಿಗಲ್ಲ, ಚಿಗಟದ ಜೊಲ್ಲಿನ ಅಲರ್ಜಿಗೆ. ಹಾಗಾಗಿ ನಾಲ್ಕೈದು ಚಿಗಟ ಸಾಕು, ಒಗ್ಗದ ನಾಯಿ ಮೈ ಹರಿದುಕೊಳ್ಳಲು. ಇನ್ನೊಂದು ಲೆಕ್ಕವೂ ಇದೆ: ಮನೆಯಲ್ಲಿರುವ ಚಿಗಟ ಸಂತತಿಯಲ್ಲಿ ನಾಯಿಯ ಮೈಮೇಲೆ ಕಾಣುವುದು ನೂರಕ್ಕೆ 5ರಷ್ಟು ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳ, ಕೋಶಗಳಾಗಿ ನಾಯಿ ಮಲಗುವ ಗೋಣಿಯಲ್ಲಿ, ನೆಲದ ಸಂದಿಯಲ್ಲಿ ಇರುತ್ತದೆ. ವಾರಕ್ಕೊಮ್ಮೆ ಗೋಣಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುವ ಮನೆಯಲ್ಲಿ ಔಷಧಿಯ ಖರ್ಚೂ ತಾನಾಗಿ ಇಳಿಯುತ್ತದೆ.

ನವೆಯ ಇತಿಹಾಸವನ್ನೇ ತಿರುಗಿಸಿದ್ದು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧಿ. 1948ರ ಸೆಪ್ಟೆಂಬರಿನಲ್ಲಿ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಅದನ್ನು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29ರ ಮಹಿಳೆಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ಹೆಂಚ್ ಮತ್ತು ಅದರ ರಸಾಯನಶಾಸ್ತ್ರ ಬಿಡಿಸಿದ್ದ ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ಬೆಲೆ? ಎತ್ತಿನ ಪಿತ್ತದಿಂದ ಹೊರಟು ಸುಮಾರು 36 ಹಂತಗಳಲ್ಲಿ ತಯಾರಿಸಬೇಕಿದ್ದ ಆ ವಸ್ತು 1949ರಲ್ಲಿ ಗ್ರಾಂಗೆ 200 ಡಾಲರ್. ಅಂಥದ್ದನ್ನು ನಾಯಿಗೆ ಕೊಡುವ ಯೋಚನೆಯೇ ಯಾರಿಗೂ ಬರುವಂತಿರಲಿಲ್ಲ.

ಬೆಲೆ ಇಳಿಸಿದವು ಒಂದು ಗೆಣಸು, ಒಂದು ಬೂಸು. ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತೆಗೆಯುವ ದಾರಿಯನ್ನು ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಕಂಡುಹಿಡಿದಿದ್ದರು. ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ‍್ರೆ 1952ರಲ್ಲಿ ಆ ಹಾರ್ಮೋನನ್ನು ರೈಜೋಪಸ್ ಎಂಬ ಬೂಸಿಗೆ ತಿನ್ನಿಸಿದರು. ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಸಿನ ಕುಲದ್ದು ಅದು. ರಸಾಯನಶಾಸ್ತ್ರಜ್ಞರಿಗೆ ಹತ್ತಾರು ಹಂತ ಬೇಕಾಗಿದ್ದ ಕೆಲಸವನ್ನು ಬೂಸು ಒಂದೇ ಹಂತದಲ್ಲಿ ಮಾಡಿಕೊಟ್ಟಿತು. ಕಾರ್ಟಿಸೋನಿನ ಬೆಲೆ ಗ್ರಾಂಗೆ 6 ಡಾಲರ್ ಆಸುಪಾಸಿಗೆ ಬಿತ್ತು. 1955ರಲ್ಲಿ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ಬಂದವು; ಇವು ಕಾರ್ಟಿಸೋನಿಗಿಂತ ಹಲವು ಪಟ್ಟು ಜೋರು, ಹಾಗಾಗಿ ಬೇಕಾಗುವ ಮಿಲಿಗ್ರಾಂ ಕಡಿಮೆ. ನಾಯಿಯ ನವೆಗೆ ಜನಸಾಮಾನ್ಯರ ಕೈಗೆಟುಕುವ, ಖಂಡಿತ ಕೆಲಸ ಮಾಡುವ ಮಾತ್ರೆ ಮೊದಲ ಸಲ ಸಿಕ್ಕಿತು.

ಭಾರತದಲ್ಲಿ ಅದು ಇನ್ನಷ್ಟು ಅಗ್ಗವಾದದ್ದರ ಹಿಂದೆ ಒಂದು ಕಾನೂನಿದೆ. 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಔಷಧಿಯ ಮೇಲಿನ ಪೇಟೆಂಟನ್ನು ತೆಗೆದು ತಯಾರಿಕೆಯ ವಿಧಾನಕ್ಕಷ್ಟೇ ಉಳಿಸಿತು. ಬೇರೆ ವಿಧಾನ ಗೊತ್ತಿದ್ದ ಕಂಪನಿ ಯಾವ ಔಷಧಿಯನ್ನಾದರೂ ಮಾಡಬಹುದಾಯಿತು. ಇಂದು ಮೆಡಿಕಲ್ ಶಾಪಿನಲ್ಲಿ ಪ್ರೆಡ್ನಿಸೊಲೋನ್, ಅಲರ್ಜಿಯ ಮಾತ್ರೆಗಳಾದ ಅವಿಲ್, ಸೆಟಿರಿಜಿನ್ ಚಿಲ್ಲರೆ ಕಾಸಿಗೆ ಸಿಗುತ್ತವೆಂದರೆ ಆ ಕಾಯ್ದೆಯ ಪಾಲು ದೊಡ್ಡದು. 2005ರ ಜನವರಿಯಿಂದ ಔಷಧಿಯ ಮೇಲಿನ ಪೇಟೆಂಟ್ ಮರಳಿ ಬಂತು, ಅದರ ಬಿಸಿ ಹೊಸ ಔಷಧಿಗಳ ಬೆಲೆಯಲ್ಲಿ ತಟ್ಟುತ್ತದೆ.

ಅಗ್ಗದ ಮಾತ್ರೆಗೂ ಒಂದು ತೆರಿಗೆಯಿದೆ, ಅದನ್ನು ಕಟ್ಟುವುದು ನಾಯಿಯ ದೇಹ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೋದರೆ ಹಸಿವು, ಬಾಯಾರಿಕೆ ಹೆಚ್ಚುತ್ತವೆ. ಮನೆಯೊಳಗೇ ಮೂತ್ರ ಮಾಡಿಕೊಳ್ಳುತ್ತದೆ. ಹೊಟ್ಟೆ ಜೋಲುತ್ತದೆ, ಮಾಂಸಖಂಡ ಸೊರಗುತ್ತದೆ, ಚರ್ಮ ತೆಳುವಾಗಿ ಸೋಂಕು ಸುಲಭವಾಗಿ ಹತ್ತುತ್ತದೆ. ಮುದಿ ನಾಯಿಗೆ ಇದೆಲ್ಲ ಬೇಗ ಬರುತ್ತದೆ. ಅದಕ್ಕೇ ಪಶುವೈದ್ಯರು ಕಡಿಮೆ ಪ್ರಮಾಣಕ್ಕೆ ಇಳಿಸಿ, ದಿನ ಬಿಟ್ಟು ದಿನ ಕೊಡುವ ಪದ್ಧತಿಗೆ ಬಂದರು. ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದೂ ಅಪಾಯ, ಏಕೆಂದರೆ ಅಷ್ಟರಲ್ಲಿ ನಾಯಿಯ ಗ್ರಂಥಿ ತನ್ನದೇ ಹಾರ್ಮೋನು ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಅಷ್ಟು ಅಪಾಯದ್ದಲ್ಲ, ಆದರೆ ಕೆಲವೇ ನಾಯಿಗಳಿಗೆ ನಾಟುತ್ತದೆ. ನೆಗಡಿಯ ಮಾತ್ರೆಗಳಲ್ಲಿ ಅದರ ಜೊತೆ ಸೇರಿರುವ ಸ್ಯೂಡೊಎಫೆಡ್ರಿನ್ ಮಾತ್ರ ನಾಯಿಗೆ ವಿಷ. ಚೀಟಿಯಿಲ್ಲದೆ ಅಂಗಡಿಯಿಂದ ತಂದು ಕೊಡುವವರು ಇಷ್ಟನ್ನು ತಿಳಿದಿರಲೇಬೇಕು.

ವಿಟಿಕ್ ಅವರ ನಾಯಿಯನ್ನು ಕಾಡಿದ ರ‍್ಯಾಗ್‌ವೀಡಿನ ಹತ್ತಿರದ ನೆಂಟ ಕರ್ನಾಟಕದ ಬೀದಿಬೀದಿಯಲ್ಲಿದೆ. ಅದೇ ಪಾರ್ಥೇನಿಯಂ, ಜನ ಕಾಂಗ್ರೆಸ್ ಗಿಡ ಎನ್ನುವ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಅದು ಬೆಂಗಳೂರಿನ ಖಾಲಿ ಸೈಟುಗಳನ್ನೆಲ್ಲ ಆವರಿಸಿ ಮನುಷ್ಯರ ಚರ್ಮಕ್ಕೂ ಮೂಗಿಗೂ ಕುತ್ತಾಯಿತು. 1983ರಲ್ಲಿ ಮೆಕ್ಸಿಕೋದಿಂದ ಜೈಗೊಗ್ರಾಮ ಎಂಬ ಜೀರುಂಡೆಯನ್ನು ತಂದು, ಪರೀಕ್ಷಿಸಿ, ಈ ಗಿಡ ತಿನ್ನಲೆಂದು ಬಿಟ್ಟದ್ದೂ ಬೆಂಗಳೂರಿನಲ್ಲೇ. ಎರಡೂ ಗಿಡಗಳ ಪರಾಗದಲ್ಲಿ ಅಲರ್ಜಿ ತರುವ ಅಂಶಗಳು ಒಂದನ್ನೊಂದು ಹೋಲುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ನಾಯಿಯನ್ನು ಸುತ್ತಾಡಿಸಿ ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ಪಾದ, ಹೊಟ್ಟೆ ಒರೆಸಿ ಎಂದು ಪಶುವೈದ್ಯರು ಹೇಳುವುದು ಇಂಥ ಪರಾಗ, ಧೂಳು ಚರ್ಮದಲ್ಲಿ ಕೂರದಿರಲೆಂದೇ.

1964ರಿಂದಾಚೆಗೆ ಹಾಲೆಂಡಿನ ಲೈಡನ್‌ನಲ್ಲಿ ಮನೆಯ ಧೂಳಿನಲ್ಲಿ ಅಲರ್ಜಿ ತರುವುದು ಅದರಲ್ಲಿರುವ ಹುಳ ಎಂಬ ಗುಟ್ಟು ಬಯಲಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇಶಿಜಾಕ ದಂಪತಿ ಅಲರ್ಜಿಯ ಪ್ರತಿಕಾಯ ಐಜಿಇಯನ್ನು ಗುರುತಿಸಿದರು. ಮಲ್ಲರ್ ಮತ್ತು ಕರ್ಕ್ ಬರೆದ ಸಾಕುಪ್ರಾಣಿಗಳ ಚರ್ಮರೋಗದ ಪಠ್ಯ 1969ರಲ್ಲಿ ಬಂದು, ಹೊಸ ಪೀಳಿಗೆಯ ಪಶುವೈದ್ಯರ ಕೈಪಿಡಿಯಾಯಿತು.

ಅಲರ್ಜಿಯ ನಾಯಿಯ ಬಾಳನ್ನು ಇನ್ನಷ್ಟು ಕೆಡಿಸುವ ಒಂದು ಯೀಸ್ಟ್ ಇದೆ, ಮಲಸೀಜಿಯಾ. ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಅದು ಹೆಚ್ಚಿದರೆ ಜಿಡ್ಡುಜಿಡ್ಡಾದ ಮುಗ್ಗಲು ವಾಸನೆ ಬರುತ್ತದೆ. ನಾಯಿಗಳಲ್ಲಿ ಸಿಗುವ ಅದರ ಪ್ರಭೇದವನ್ನು ಮೊದಲು ಬೇರ್ಪಡಿಸಿದ್ದು ನಾಯಿಯಿಂದಲ್ಲ: 1925ರಲ್ಲಿ ಫಿಲಡೆಲ್ಫಿಯಾದಲ್ಲಿ ಫ್ರೆಡ್ ವೀಡ್‌ಮನ್ ಅದನ್ನು ಕಂಡದ್ದು ಚರ್ಮ ಸುಲಿಯುತ್ತಿದ್ದ ಒಂದು ಭಾರತೀಯ ಘೇಂಡಾಮೃಗದ ಮೈಮೇಲೆ. ಇದಕ್ಕೆ ದುಬಾರಿ ಮಾತ್ರೆ ಬೇಕೆಂದೇನಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಹಚ್ಚಿ, ನೊರೆಯನ್ನು ಹತ್ತು ನಿಮಿಷ ಮೈಮೇಲೇ ಬಿಟ್ಟು ತೊಳೆಯುವ ವಾರದ ಸ್ನಾನದಿಂದ ಬಹಳ ನಾಯಿಗಳ ನವೆ ಇಳಿಯುತ್ತದೆ. ಆ ಹತ್ತು ನಿಮಿಷವನ್ನು ಕಾಯದೆ ತೊಳೆದುಬಿಟ್ಟರೆ ಶಾಂಪೂವಿನ ದುಡ್ಡು ನೀರಿಗೆ ಹೋದಂತೆ.

ಊಟದ ಅಲರ್ಜಿಯನ್ನು ಹಿಡಿಯುವ ದಾರಿಯೂ ಹಳೆಯದೇ. ಮನುಷ್ಯರಿಗೆ ಅಮೆರಿಕದ ವೈದ್ಯ ಆಲ್ಬರ್ಟ್ ರೋ 1928ರಲ್ಲಿ ರೂಪಿಸಿದ್ದ ವರ್ಜನೆಯ ಪಥ್ಯವನ್ನೇ ಪಶುವೈದ್ಯರೂ ಅನುಸರಿಸಿದರು. ಎಂದೂ ತಿನ್ನದ ಒಂದು ಮಾಂಸ, ಒಂದು ಧಾನ್ಯ, ಎಂಟು ವಾರ, ನಡುವೆ ಒಂದು ಬಿಸ್ಕತ್ತೂ ಇಲ್ಲ. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಊಟದ ಅಲರ್ಜಿಯಿದ್ದ 297 ನಾಯಿಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿತು: ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13 ನಾಯಿಗಳಿಗೆ ಒಗ್ಗಿರಲಿಲ್ಲ. ನಮ್ಮಲ್ಲಿ ಮೊಸರನ್ನ, ಹಾಲು, ಕೋಳಿಯ ಚೂರುಗಳಲ್ಲೇ ಬೆಳೆದ ನಾಯಿಗಳು ಎಷ್ಟಿಲ್ಲ! ಅಂಥ ನಾಯಿಗೆ ಮೀನು ತಿಂದು ಅಭ್ಯಾಸವಿಲ್ಲದಿದ್ದರೆ ಅನ್ನ ಮತ್ತು ಬೇಯಿಸಿದ ಬೂತಾಯಿಯೇ ಪರೀಕ್ಷೆಯ ಪಥ್ಯ ಆಗಬಲ್ಲದು, ಮುಳ್ಳು ತೆಗೆದು, ಉಪ್ಪು-ಖಾರ ಹಾಕದೆ.

ಈಚೆಗೆ ಹೊಸ ಮದ್ದುಗಳೂ ಬಂದಿವೆ. 2013ರಲ್ಲಿ ಅಮೆರಿಕದಲ್ಲಿ ನಾಯಿಯ ನವೆಗೆಂದು ಓಕ್ಲಾಸಿಟಿನಿಬ್ ಮಾತ್ರೆಗೆ ಅನುಮತಿ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು ಬಂತು. ಎರಡೂ ನವೆಯ ಸಂದೇಶವನ್ನೇ ತಡೆಯುತ್ತವೆ. ಸ್ಟೀರಾಯ್ಡಿನ ಕಾಟ ಇಲ್ಲ. ಒಳ್ಳೆಯ ಔಷಧಿಗಳೇ, ಆದರೆ ಬಿಗಿ ಕೈಯ ಸಂಸಾರಕ್ಕೆ ತಿಂಗಳು ತಿಂಗಳೂ ಕೊಳ್ಳುವುದು ಭಾರ. ಗಂಭೀರ ಸೋಂಕು ಅಥವಾ ಗೆಡ್ಡೆ ಇರುವ ಮುದಿ ನಾಯಿಗೆ ಓಕ್ಲಾಸಿಟಿನಿಬ್ ಸಲ್ಲದು ಎಂಬ ಎಚ್ಚರಿಕೆಯೂ ಇದೆ.

ಈ ಇಡೀ ಚರಿತ್ರೆಯಲ್ಲಿ ದುಡ್ಡು ಹೆಚ್ಚು ಹಾಳಾದದ್ದು ಔಷಧಿಯ ಬೆಲೆಯಿಂದಲ್ಲ, ಕಾರಣ ತಿಳಿಯದೆ ಮದ್ದು ಹಾಕಿದ್ದರಿಂದ. ಪರಾಗ, ಧೂಳಿನ ಅಲರ್ಜಿ ಬಹುತೇಕ ನಾಯಿಗಳಲ್ಲಿ ಮೂರು ವರ್ಷ ತುಂಬುವ ಮೊದಲೇ ತಲೆ ಎತ್ತುತ್ತದೆ. ಎಂಟು-ಹತ್ತು ವರ್ಷದ ನಾಯಿ ಮೊದಲ ಸಲ ಮೈಕೆರೆದುಕೊಳ್ಳತೊಡಗಿದರೆ ಚಿಗಟ, ಕಜ್ಜಿಹುಳ, ಡೆಮೊಡೆಕ್ಸ್ ಹುಳ, ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿಯ ತೊಂದರೆ, ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಇವುಗಳನ್ನೆಲ್ಲ ಮೊದಲು ನೋಡಬೇಕು. ಬ್ಲೇಡಿನಿಂದ ಚರ್ಮ ಕೆರೆದು ಗಾಜಿನ ಸ್ಲೈಡಿನ ಮೇಲೆ ನೋಡುವ ಪರೀಕ್ಷೆಗೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ನೋಡಬಲ್ಲ ಒಬ್ಬ ಪಶುವೈದ್ಯರು. ಮನೆಯಲ್ಲಿ ಮುದಿ ನಾಯಿ ಇರುವವರು ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ, ಮಾತ್ರೆ ಕೇಳುವ ಮುಂಚೆ ಆ ಪರೀಕ್ಷೆಯನ್ನು ಕೇಳಿ.