ಲೋಭದ ಪುತ್ರಿಯರು

ಸುಳ್ಳಿಗಾಗಿಯೇ ಸುಳ್ಳಾಡುವವರು ವಿರಳ; ಅದರ ಹಿಂದೆ ಬೇರೊಂದು ಆಸೆ ಅಡಗಿರುತ್ತದೆ. ಕ್ರೈಸ್ತ ನೀತಿಚಿಂತಕರು ಈ ಸಂಬಂಧವನ್ನು ಒಂದು ವಂಶಾವಳಿಯಾಗಿಯೇ ನಿರೂಪಿಸಿದರು.

590ರಿಂದ 604ರವರೆಗೆ ರೋಮಿನ ಪೋಪ್ ಆಗಿದ್ದ ಮಹಾ ಗ್ರೆಗರಿಯು ಯೋಬನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಲೋಭದಿಂದ ಹುಟ್ಟುವ ಏಳು ದೋಷಗಳನ್ನು ಎಣಿಸುತ್ತಾನೆ: ದ್ರೋಹ, ವಂಚನೆ, ಸುಳ್ಳು, ಸುಳ್ಳಾಣೆ, ಅಶಾಂತಿ, ಹಿಂಸೆ, ದಯೆಗೆ ಕರಗದ ಹೃದಯ. ಏಳರಲ್ಲಿ ನಾಲ್ಕು ಅಪ್ರಾಮಾಣಿಕತೆಯ ರೂಪಗಳೇ.

13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಇವನ್ನು ಲೋಭದ ಪುತ್ರಿಯರೆಂದು ಕರೆದು, ಅವುಗಳ ಹುಟ್ಟನ್ನು ತರ್ಕಬದ್ಧವಾಗಿ ವಿವರಿಸಿದನು. ಇದ್ದುದನ್ನು ಅತಿಯಾಗಿ ಹಿಡಿದಿಟ್ಟರೆ ಹೃದಯ ಕಲ್ಲಾಗುತ್ತದೆ. ಇಲ್ಲದುದಕ್ಕೆ ಹಂಬಲಿಸಿದರೆ ಮನಸ್ಸು ಕದಡುತ್ತದೆ. ಪರರದನ್ನು ಪಡೆಯಲು ಎರಡು ದಾರಿಗಳು: ಬಲ ಇಲ್ಲವೆ ಕಪಟ. ಬಲವಾದರೆ ಹಿಂಸೆ. ಕಪಟವು ಬರಿಯ ಮಾತಾದರೆ ಸುಳ್ಳು, ಆಣೆಯೊಡನೆ ಬಂದರೆ ಸುಳ್ಳಾಣೆ, ವಸ್ತುವಿನ ವ್ಯವಹಾರಕ್ಕಿಳಿದರೆ ವಂಚನೆ, ಮನುಷ್ಯನನ್ನೇ ಒಪ್ಪಿಸಿಕೊಟ್ಟರೆ ದ್ರೋಹ. ದ್ರೋಹಕ್ಕೆ ಅವನು ಕೊಡುವ ನಿದರ್ಶನ ಗುರುವನ್ನು ಹಿಡಿದುಕೊಟ್ಟ ಯೂದ.

ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅನನೀಯ ಮತ್ತು ಸಪ್ಫೈರ ದಂಪತಿಗಳ ಕಥೆ ಇನ್ನೂ ಸೂಕ್ಷ್ಮವಾದುದು. ಮಾರಿದ ಭೂಮಿ ಅವರದೇ, ಬಂದ ಹಣವೂ ಅವರದೇ, ಕೊಡಲೇಬೇಕೆಂಬ ಕಟ್ಟಿರಲಿಲ್ಲ. ಆದರೂ ಒಂದು ಪಾಲನ್ನು ಬಚ್ಚಿಟ್ಟು, ಉಳಿದುದನ್ನೇ ಪೂರ್ತಿಯೆಂಬಂತೆ ತಂದೊಪ್ಪಿಸಿದರು. ಹಣವೂ ಉಳಿಯಬೇಕು, ತ್ಯಾಗಿಗಳೆಂಬ ಹೆಸರೂ ದೊರೆಯಬೇಕು. ಪೇತ್ರನು ಖಂಡಿಸಿದ್ದು ಅವರು ಉಳಿಸಿಕೊಂಡದ್ದನ್ನಲ್ಲ, ಆಡಿದ ಸುಳ್ಳನ್ನು.

ನಾಲಗೆಯನ್ನು ತಿದ್ದಿದರಷ್ಟೇ ಸಾಲದು ಎಂಬುದು ಈ ವಂಶಾವಳಿಯ ತಾತ್ಪರ್ಯ. ಸುಳ್ಳು ಬಾಯಿಗೆ ಬಂದಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಡಲಾರದೆ ನಾನು ಹಿಡಿದುಕೊಂಡಿರುವುದು ಯಾವುದನ್ನು?